ಇನ್ನಾಸಪ್ಪ ಸ್ವಾಮಿಯ ಮೊಬೈಲ್ ವ್ರತ

ಮಾರೇನಹಳ್ಳಿಯ ಇನ್ನಾಸಪ್ಪನಿಗೆ ಈ ಜನ್ಮದಲ್ಲಿ ಉಳಿದಿದ್ದ ಆಸೆ ಒಂದೇ: ಫಾದರ್ ಕೈಯಲ್ಲಿ ಕಾಲು ತೊಳೆಸಿಕೊಳ್ಳಬೇಕು.

ಇದೇನು ಸೊಕ್ಕು ಅಂತ ಯಾರೂ ಅಂದುಕೊಳ್ಳಬಾರದು. ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ಚರ್ಚಿನಲ್ಲಿ ಹನ್ನೆರಡು ಜನರನ್ನು ಕುರ್ಚಿ ಹಾಕಿ ಕೂರಿಸುತ್ತಾರೆ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ಫಾದರ್ ಮಂಡಿಯೂರಿ ಆ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಇನ್ನಾಸಪ್ಪ ಹನ್ನೊಂದು ವರ್ಷದಿಂದ ಮೂರನೇ ಬೆಂಚಿನಲ್ಲಿ ಕೂತು ಬೇರೆಯವರ ಕಾಲು ನೋಡಿದ್ದ. ಚರ್ಚಿನಲ್ಲಿ ಯಾರ ಹಿಮ್ಮಡಿ ಒಡೆದಿದೆ, ಯಾರ ಕಿರುಬೆರಳಿಗೆ ಉಗುರಿಲ್ಲ ಅನ್ನುವುದು ಅವನಿಗೆ ಬಾಯಿಪಾಠವಾಗಿತ್ತು. ಅವನ ಕಾಲಿಗೆ ಮಾತ್ರ ಕರೆ ಬಂದಿರಲಿಲ್ಲ. ಜೋಜಪ್ಪನ ಕಾಲನ್ನು ಆಗಲೇ ಮೂರು ಸಲ ತೊಳೆದಾಗಿತ್ತು. ಜೋಜಪ್ಪ ಚರ್ಚ್ ಸಮಿತಿಯ ಕಾರ್ಯದರ್ಶಿ, ಹೆಸರಿನ ಪಟ್ಟಿ ಬರೆಯುವವನೇ ಅವನು. ಬರೆಯುವವನ ಕಾಲು ಪಟ್ಟಿಗೆ ಬೀಳದೆ ಇನ್ಯಾರದು ಬೀಳಬೇಕು?

ಈ ವರ್ಷ ಹೊಸ ಫಾದರ್ ಬಂದಿದ್ದರು. ಬೂದಿ ಬುಧವಾರದ ದಿನ, ಅಂದರೆ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ದಿನ, ಎಲ್ಲರ ಹಣೆಗೂ ಬೂದಿ ಇಟ್ಟು ಅವರೊಂದು ಮಾತು ಹೇಳಿದರು: "ಈ ಸಲ ಹನ್ನೆರಡು ಜನರನ್ನ ನಾನೇ ಆರಿಸ್ತೀನಿ. ಯಾರು ತಮಗೆ ನಿಜವಾಗ್ಲೂ ಕಷ್ಟ ಆಗೋದನ್ನ ಬಿಡ್ತಾರೋ ಅವರನ್ನ."

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಬಿಡುವವರ ಸಂತೆ ನೆರೆಯಿತು. ಒಬ್ಬರು ಬೀಡಿ ಬಿಟ್ಟರು, ಒಬ್ಬರು ಸಂಜೆಯ ಬಾಟಲಿ ಬಿಟ್ಟರು. ಜೋಜಪ್ಪ ಎಲ್ಲರಿಗೂ ಕೇಳುವ ಹಾಗೆ ಮಟನ್ ಬಿಟ್ಟ. ಇನ್ನಾಸಪ್ಪ ತಾನೇನು ಬಿಡೋಣ ಅಂತ ಹುಡುಕಿದ. ಹೋದ ವರ್ಷವೇ ಡಾಕ್ಟರು ಅವನಿಂದ ಮಾಂಸ, ಸಕ್ಕರೆ, ಉಪ್ಪಿನಕಾಯಿ, ಹಪ್ಪಳ ಎಲ್ಲ ಬಿಡಿಸಿದ್ದರು. ದೇವರಿಗೋಸ್ಕರ ಬಿಡೋಣ ಅಂದರೆ ಅವನ ಹತ್ತಿರ ಏನೂ ಬಾಕಿ ಇರಲಿಲ್ಲ. ಜೇಬಿನಲ್ಲಿ ಮೊಬೈಲ್ ಗುಂಯ್ ಅಂದಿತು.

"ಫಾದರ್, ನಾನು ಮೊಬೈಲ್ ಬಿಡ್ತೀನಿ," ಎಂದುಬಿಟ್ಟ. "ಟಿವಿನೂ. ಸ್ಕ್ರೀನ್ ಅನ್ನೋದನ್ನೇ ನಾನು ಮುಟ್ಟಲ್ಲ, ನೋಡಲ್ಲ."

ಅಂಗಳದಲ್ಲಿದ್ದವರ ಕೈಯೆಲ್ಲ ಜೇಬಿಗೆ ಹೋಯಿತು. ಫಾದರ್ ಕೂಡ ಒಮ್ಮೆ ತಮ್ಮ ಜೇಬು ಮುಟ್ಟಿ ನೋಡಿಕೊಂಡರು.

ಮನೆಯಲ್ಲಿ ಹೆಂಡತಿ ಪಿಲೋಮಿನ ಸುದ್ದಿ ಕೇಳಿ ಸೌಟು ಕೆಳಗಿಟ್ಟಳು.

"ನೀವಾ?"

"ಹೂಂ, ನಾನೇ."

"ಮೊದ್ಲು ಮೊಬೈಲ್ ಇಲ್ದೆ ಬಾತ್‌ರೂಮಿಗೆ ಹೋಗ್ಬಿಟ್ಟು ಬನ್ನಿ ನೋಡೋಣ. ಆಮೇಲೆ ನಲವತ್ತು ದಿನದ ಮಾತು."

ಅವಳ ಮಾತಿನಲ್ಲಿ ಹುರುಳಿತ್ತು. ಪ್ರೆಸ್ಸೊಂದರಲ್ಲಿ ಬೈಂಡರ್ ಆಗಿ ರಿಟೈರಾದ ಮೇಲೆ ಇನ್ನಾಸಪ್ಪನ ಕೈಗೆ ಬೇರೆ ಕೆಲಸ ಇರಲಿಲ್ಲ. ಬೆಳಿಗ್ಗೆ ಎದ್ದರೆ ಇನ್ನೂರು ಜನಕ್ಕೆ ಗುಲಾಬಿ ಹೂವಿನ ಗುಡ್ ಮಾರ್ನಿಂಗು, ಹತ್ತು ಗಂಟೆಗೆ ಮೆಂತ್ಯದ ಮಹಿಮೆ, ಸಂಜೆಗೆ ಪ್ರಳಯದ ಎಚ್ಚರಿಕೆ. ಅಂಥವನು ಮೊಬೈಲನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟು ಬೀಗ ಹಾಕಿದ.

ಎದುರು ಮನೆಯ ಲಕ್ಷ್ಮಿದೇವಮ್ಮನವರು ಹಳೇ ಮಾರೇನಹಳ್ಳಿಯವರು. ಈ ಬೀದಿ ರಾಗಿ ಹೊಲವಾಗಿದ್ದಾಗಿನಿಂದಲೂ ಅಲ್ಲೇ ಇದ್ದವರು. ಬೀದಿಯಲ್ಲಿ ಸೌಟು ಬಿದ್ದರೂ ಅವರಿಗೆ ಕೇಳಿಸುತ್ತದೆ. ಮಧ್ಯಾಹ್ನವೇ ಗೇಟಿನ ಹತ್ತಿರ ಬಂದರು.

"ಏನಪ್ಪ ಇನ್ನಾಸಪ್ಪ, ವ್ರತ ಹಿಡ್ದಿದೀಯಂತೆ?"

ಅಲ್ಲಮ್ಮ, ನಮ್ಮಲ್ಲಿ ಇದು ಹೀಗೆ ಹೀಗೆ ಅಂತ ಬಿಡಿಸಿ ಹೇಳಬೇಕಾಗಿತ್ತು. ಆದರೆ ವ್ರತ ಅನ್ನುವ ಮಾತಿಗೆ ಒಂದು ತೂಕವಿದೆ, ಕೇಳುವುದಕ್ಕೂ ಚೆನ್ನಾಗಿರುತ್ತದೆ. "ಹೌದಮ್ಮ, ನಲವತ್ತು ದಿನ," ಎಂದ. ಕೆಟ್ಟದ್ದು ಅಲ್ಲಿಂದಲೇ.

ಲಕ್ಷ್ಮಿದೇವಮ್ಮನವರು ನೆಟ್ಟಗೆ ಹಿಟ್ಟಿನ ಗಿರಣಿಯ ವೆಂಕಟರಮಣಪ್ಪನವರ ಹತ್ತಿರ ಹೋದರು. ವೆಂಕಟರಮಣಪ್ಪನವರು ಹದಿನೆಂಟು ವರ್ಷ ಮಾಲೆ ಹಾಕಿ ಶಬರಿಮಲೆಗೆ ಹೋಗಿ ಬಂದು ಗುರುಸ್ವಾಮಿ ಅನ್ನಿಸಿಕೊಂಡವರು. ವ್ರತದ ವಿಷಯದಲ್ಲಿ ಬೀದಿಗೆ ಅವರ ಮಾತೇ ಕೊನೆ. ಮೈಗೆ ಮೆತ್ತಿದ್ದ ರಾಗಿಹಿಟ್ಟನ್ನೂ ಕೊಡವದೆ ಬಂದು ಜಗುಲಿಯ ಮೇಲೆ ಕೂತು ವಿಚಾರಣೆ ಶುರುಮಾಡಿದರು.

"ಎಷ್ಟು ದಿನ?"

"ನಲವತ್ತು."

"ನಮ್ದು ನಲವತ್ತೊಂದು. ಆಗ್ಲಿ ಬಿಡಿ, ಒಂದಿನ ಡಿಸ್ಕೌಂಟು. ಮಾಲೆ ಯಾರ್ ಹಾಕಿದ್ರು?"

"ಮಾಲೆ ಇಲ್ಲ. ಹಣೆಗೆ ಬೂದಿ ಇಟ್ರು."

"ವಿಭೂತಿ. ಸರಿ. ಯಾರ್ ಇಟ್ಟಿದ್ದು?"

"ನಮ್ ಫಾದರ್."

"ಅವರು ಚರ್ಚಲ್ಲಿರ್ತಾರೆ. ಇಲ್ಲಿ ದಿನಾ ನಿಮ್ಮನ್ನ ನೋಡ್ಕೊಳ್ಳೋರು ಯಾರು? ವ್ರತ ಹಿಡ್ದೋರು ಒಬ್ರೇ ಇರ್ಬಾರ್ದು ಸ್ವಾಮಿ. ನಾನಿದೀನಿ ಬಿಡಿ."

ಆ ಕ್ಷಣದಿಂದ ಇನ್ನಾಸಪ್ಪ ಬೀದಿಗೆಲ್ಲ 'ಸ್ವಾಮಿ' ಆದ.

ಮೊದಲ ಎರಡು ದಿನ ಅವನಿಗೆ ಸ್ವರ್ಗ. ಹಾಲಿನವನು ಕೈ ಮುಗಿದ. ಎಂದೂ ತಲೆಯೆತ್ತಿ ನೋಡದ ಮೆಡಿಕಲ್ ಶಾಪಿನವನು ಕಂಪ್ಯೂಟರನ್ನು ಗೋಡೆಗೆ ತಿರುಗಿಸಿ, ಎದ್ದು ನಿಂತು ಕೈಯಲ್ಲಿ ಬಿಲ್ ಬರೆದ. ಭೈರೇಶನ ದರ್ಶಿನಿಯಲ್ಲಿ ಇವನ ತಲೆ ಕಂಡರೆ ಸಾಕು, "ಸ್ವಾಮಿ ಬಂದ್ರು, ಟಿವಿಗೆ ಬಟ್ಟೆ ಹಾಕ್ರೋ!" ಅಂತ ಭೈರೇಶ ಕೂಗುತ್ತಿದ್ದ. ಕ್ರಿಕೆಟ್ ಕೊನೇ ಓವರಿಗೆ ಬಂದಿತ್ತು, ಮೂರು ಬಾಲಿಗೆ ಏಳು ರನ್ ಬೇಕಿತ್ತು. ಆ ಹೊತ್ತಿಗೆ ಇನ್ನಾಸಪ್ಪ ಸಕ್ಕರೆ ಇಲ್ಲದ ಕಾಫಿಗೆ ಬಂದ. ಟಿವಿಯ ಮೇಲೆ ಟೇಬಲ್ ಕ್ಲಾತ್ ಬಿತ್ತು. ಗಿರಾಕಿಗಳು ಮೊಬೈಲ್ ತೆಗೆಯೋಣ ಅಂದರೆ ಅದಕ್ಕೂ ಭೈರೇಶ ಬಿಡಲಿಲ್ಲ. ಹದಿನೈದು ಜನ ಲೋಟ ಹಿಡಿದುಕೊಂಡು ಸ್ವಾಮಿಯನ್ನು ನೋಡಿದ ನೋಟದಲ್ಲಿ ಭಕ್ತಿ ಎಷ್ಟಿತ್ತು ಅನ್ನುವುದನ್ನು ಹೇಳದಿರುವುದೇ ವಾಸಿ.

ಲಕ್ಷ್ಮಿದೇವಮ್ಮನವರ ಮನೆಯಲ್ಲೂ ಇದೇ ಪಾಡು. ಪಾತ್ರೆ ವಾಪಸ್ ಕೊಡಲು ಇನ್ನಾಸಪ್ಪ ಸಂಜೆ ಏಳೂವರೆಗೆ ಹೋದ. ಸೀರಿಯಲ್ಲಿನ ಸೊಸೆ ಪಾಯಸದ ಬಟ್ಟಲನ್ನು ತುಟಿಗೆ ಹಿಡಿದಿದ್ದಳು. ಲಕ್ಷ್ಮಿದೇವಮ್ಮನವರು ಹಾರಿ ಬಂದು ಟಿವಿ ಆರಿಸಿದರು. ಪಾಯಸದಲ್ಲಿ ವಿಷ ಹಾಕಿದ್ದು ಯಾರು ಅನ್ನುವುದು ಆ ಮನೆಗೆ ಇವತ್ತಿಗೂ ಗೊತ್ತಿಲ್ಲ.

ಶುಕ್ರವಾರ ಅನ್ನಪೂರ್ಣೇಶ್ವರಿ ನಗರದಲ್ಲಿದ್ದ ತಂಗಿಯ ಮನೆಗೆ ಹೊರಟ. ಬಸ್ ಸ್ಟಾಪಿನವರೆಗೆ ವೆಂಕಟರಮಣಪ್ಪನವರು ಜೊತೆಗೆ ಬಂದರು. ಬಸ್ಸಿನ ಹಣೆಯ ಮೇಲೆ ಅಕ್ಷರ ಮಿಣಮಿಣ ಓಡುವುದು ಕಂಡಿತು.

"ಸ್ವಾಮಿ, ಕಣ್ಮುಚ್ಚಿ! ಅದೂ ಸ್ಕ್ರೀನೇ. ಬೋರ್ಡು ನಾನ್ ಓದ್ತೀನಿ."

ಇನ್ನಾಸಪ್ಪ ಕಣ್ಣು ಮುಚ್ಚಿದ. ವೆಂಕಟರಮಣಪ್ಪನವರ ಕನ್ನಡಕ ಗಿರಣಿಯಲ್ಲಿತ್ತು. ಅವರು ಓದಿದ ಬಸ್ಸು ಅವನನ್ನು ಕೆಂಗೇರಿಯಲ್ಲಿ ಇಳಿಸಿತು.

ಭಾನುವಾರ ಬಂತು. ತಪಸ್ಸುಕಾಲದ ನಲವತ್ತರ ಲೆಕ್ಕದಲ್ಲಿ ಭಾನುವಾರ ಸೇರುವುದಿಲ್ಲ, ಅದು ಯೇಸು ಸಾವಿನಿಂದ ಎದ್ದ ದಿನ. ಮಾತು ಕೊಟ್ಟ ದಿನ ಸಂಜೆಯೇ ಇನ್ನಾಸಪ್ಪ ಇದನ್ನು ಕ್ಯಾಲೆಂಡರ್ ನೋಡಿ, ಬೆರಳು ಮಡಚಿ, ಖಾತ್ರಿ ಮಾಡಿಕೊಂಡಿದ್ದ. ಪೂಜೆಯಿಂದ ಬಂದವನೇ ಬೀರು ತೆಗೆದ, ಮೊಬೈಲ್ ಸೊಂಟಕ್ಕೆ ಸಿಕ್ಕಿಸಿದ, ಮಹಡಿ ಹತ್ತಿದ, ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತ. ನಾಲ್ಕು ದಿನದ ಹಸಿವು. ಎಂಟುನೂರ ಅರವತ್ತು ಮೆಸೇಜು ಕಾದಿದ್ದವು. ಮೊದಲನೆಯದನ್ನು ತೆರೆದಿದ್ದನೋ ಇಲ್ಲವೋ, ಎದುರು ಮಹಡಿಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಲಕ್ಷ್ಮಿದೇವಮ್ಮನವರು ಚೀರಿದರು.

"ಅಯ್ಯಯ್ಯೋ! ಸ್ವಾಮಿ ಮೊಬೈಲ್ ಮುಟ್ಬಿಟ್ರು!"

ಇನ್ನಾಸಪ್ಪ ಕೆಳಗಿಳಿಯುವಷ್ಟರಲ್ಲಿ ಬೀದಿ ಸೇರಿತ್ತು.

"ಭಾನುವಾರ ಲೆಕ್ಕಕ್ಕಿಲ್ಲ," ಎಂದ ಇನ್ನಾಸಪ್ಪ. "ನಮ್ ಶಾಸ್ತ್ರದಲ್ಲೇ ಇದೆ."

"ವ್ರತಕ್ಕೆ ವೀಕ್ಲಿ ಆಫಾ?" ವೆಂಕಟರಮಣಪ್ಪನವರು ಸೊಂಟದ ಮೇಲೆ ಕೈಯಿಟ್ಟರು. "ಹದಿನೆಂಟು ವರ್ಷ ಮಾಲೆ ಹಾಕಿದೀನಿ ಸ್ವಾಮಿ, ಒಂದು ಭಾನುವಾರ ಅಯ್ಯಪ್ಪ ನಂಗೆ ರಜಾ ಕೊಟ್ಟಿಲ್ಲ."

"ನಿಮ್ದು ಬೇರೆ, ನಮ್ದು ಬೇರೆ..."

"ಹಂಗಾದ್ರೆ ನನ್ ಹೋಟ್ಲಲ್ಲಿ ಟಿವಿಗೆ ಬಟ್ಟೆ ಹಾಕಿದ್ದು ಸುಮ್‌ಸುಮ್ನೆನಾ?" ಭೈರೇಶ ಮುಂದೆ ಬಂದ. "ಆ ಏಳು ರನ್ ಹೊಡುದ್ರೋ ಇಲ್ವೋ ಅಂತ ಗಿರಾಕಿಗಳು ಇನ್ನೂ ನನ್ನ ಬೈತಾ ಇದಾರೆ ಸ್ವಾಮಿ! ನಾವು ಉಪವಾಸ, ನೀವು ಟ್ಯಾಂಕ್ ಹಿಂದೆ ಊಟನಾ?"

ಇನ್ನಾಸಪ್ಪ ಮೊಬೈಲನ್ನು ಬೆನ್ನ ಹಿಂದಕ್ಕೆ ಸರಿಸಿದ.

"ನಾವ್ಯಾಕೆ ಜಗಳ ಆಡೋದು?" ಲಕ್ಷ್ಮಿದೇವಮ್ಮನವರು ನ್ಯಾಯ ಹೇಳಿದರು. "ಹತ್ತು ಜನ ಹೋಗಿ ಇವ್ರ ಫಾದರ್ನೇ ಕೇಳ್ಕೊಂಡ್ ಬರೋಣ. ಹಿಂಗಿಂಗೆ ಟ್ಯಾಂಕಿನ ಹಿಂದೆ ಕೂತು ಮೊಬೈಲ್ ನೋಡ್ತಿದ್ರು, ಇದು ಸರಿನಾ ಅಂತ."

ಹತ್ತು ಜನ ಚರ್ಚಿನ ಅಂಗಳದಲ್ಲಿ ನಿಂತು, ಜೋಜಪ್ಪನ ಎದುರು, ಟ್ಯಾಂಕು ಮೊಬೈಲು ಅಂತ ಕೂಗುವ ದೃಶ್ಯ ಇನ್ನಾಸಪ್ಪನ ಕಣ್ಣಿಗೆ ಕಟ್ಟಿತು. ಹನ್ನೆರಡು ಕುರ್ಚಿಗಳೂ ಕಾಲು ಬಂದಂತೆ ದೂರ ಓಡಿದವು. ಸುಮ್ಮನೆ ಮೊಬೈಲನ್ನು ಮುಂದೆ ಚಾಚಿದ.

ವೆಂಕಟರಮಣಪ್ಪನವರು ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿದರು. ಹಬ್ಬದವರೆಗೆ ಅದು ತಮ್ಮ ದೇವರ ಮನೆಯಲ್ಲಿರುತ್ತದೆ ಅಂದರು. ಆಮೇಲೆ ಕೆಳಗೆ ನೋಡಿ, "ತಪ್ಪಿಗೆ ಪ್ರಾಯಶ್ಚಿತ್ತ ಬೇಕಲ್ಲ. ಚಪ್ಪಲಿ ಬಿಡಿ ಸ್ವಾಮಿ," ಎಂದರು.

"ಎಷ್ಟ್ ದಿನ?"

"ಹಬ್ಬದವರ್ಗೂ."

ಹೀಗೆ, ಯಾವ ಪೋಪೂ ಹೇಳದ ನಿಯಮಗಳನ್ನು ಇನ್ನಾಸಪ್ಪ ಮಾರ್ಚ್ ತಿಂಗಳ ಬಿಸಿಲಲ್ಲಿ ಪಾಲಿಸಲು ತೊಡಗಿದ. ಟಾರು ರಸ್ತೆಯಲ್ಲಿ ಕುಣಿಯುತ್ತಾ ಮಾರ್ಕೆಟ್ಟಿಗೆ ಹೋದ, ಕುಣಿಯುತ್ತಾ ಚರ್ಚಿಗೆ ಹೋದ. ಚಪ್ಪಲಿ ಯಾಕಿಲ್ಲ ಅಂತ ಚರ್ಚಿನಲ್ಲಿ ಕೇಳಿದವರಿಗೆ "ಡಾಕ್ಟರ್ ಹೇಳಿದಾರೆ" ಎಂದ. ಗುರುಸ್ವಾಮಿ ಹೇಳಿದ್ದಾರೆ ಅನ್ನಲು ಬಾಯಿ ಬರಲಿಲ್ಲ.

ಮೊಬೈಲಂತೂ ದೇವರ ಮನೆಯಲ್ಲಿ ದೀಪದ ಪಕ್ಕ ಚಾರ್ಜಿಗೆ ಕೂತು ದಿನಕ್ಕೆರಡು ಹೊತ್ತು ಮಂಗಳಾರತಿ ತೆಗೆದುಕೊಳ್ಳುತ್ತಿತ್ತು. ರಿಂಗಾದರೆ ವೆಂಕಟರಮಣಪ್ಪನವರೇ ಎತ್ತುತ್ತಿದ್ದರು.

ಈಸ್ಟರಿಗೆ ಮುಂಚಿನ ಸೋಮವಾರ ಫಾದರ್ ಹನ್ನೆರಡು ಹೆಸರು ಬರೆದು ಜೋಜಪ್ಪನ ಕೈಗೆ ಕೊಟ್ಟರು. ಮೊದಲ ಹೆಸರೇ ಇನ್ನಾಸಪ್ಪನದು; ಮಟನ್ ಬಿಟ್ಟ ಜೋಜಪ್ಪನದು ನಡುವೆಲ್ಲೋ ಇತ್ತು. ಜೋಜಪ್ಪ ಹಲ್ಲು ಕಚ್ಚಿಕೊಂಡು ಅದನ್ನು ಚರ್ಚಿನ ವಾಟ್ಸಾಪ್ ಗ್ರೂಪಿಗೆ ಹಾಕಿ, ಸಮಿತಿಯ ಭಾಷೆಯಲ್ಲಿ ಕೆಳಗೊಂದು ಸಾಲು ಸೇರಿಸಿದ: 'ಹೆಸರಿರುವವರು ಮಂಗಳವಾರ ಸಂಜೆಯೊಳಗೆ ಆಮೆನ್ ಎಂದು ಉತ್ತರಿಸತಕ್ಕದ್ದು. ತಪ್ಪಿದಲ್ಲಿ ಅವರ ಸ್ಥಾನ ಬೇರೆಯವರಿಗೆ.' ಮೊಬೈಲ್ ಬಿಟ್ಟಿದ್ದಕ್ಕಾಗಿ ಒಬ್ಬನನ್ನು ಆರಿಸಿ, ಆ ಸುದ್ದಿಯನ್ನು ಅವನ ಮೊಬೈಲಿಗೆ ಕಳಿಸಿ, ಮೊಬೈಲಿನಲ್ಲೇ ಉತ್ತರ ಕೇಳುವ ಬುದ್ಧಿ ಸಮಿತಿಗಳಿಗೆ ಬಿಟ್ಟರೆ ಬೇರೆ ಯಾರಿಗೂ ಬರುವುದಿಲ್ಲ.

ಹನ್ನೊಂದು ಆಮೆನ್ ಮಧ್ಯಾಹ್ನದೊಳಗೆ ಬಂದವು. ಹನ್ನೆರಡನೆಯದು ಬರಲಿಲ್ಲ. ಮಂಗಳವಾರ ಸಂಜೆ, ನಾಳೆ ಯಾರೂ ತಪ್ಪು ಹೊರಿಸಬಾರದು ಅಂತ ಜೋಜಪ್ಪ ಒಂದು ಫೋನ್ ಮಾಡಿದ.

"ಹಲೋ, ಇನ್ನಾಸಪ್ಪ?"

"ಸ್ವಾಮಿಯೇ ಶರಣಂ ಅಯ್ಯಪ್ಪ. ಯಾರು?"

ಜೋಜಪ್ಪ ಫೋನನ್ನು ಕಿವಿಯಿಂದ ತೆಗೆದು ನಂಬರ್ ನೋಡಿದ. ಸರಿಯಾಗೇ ಇತ್ತು. "ನಾನು ಚರ್ಚಿಂದ... ಇದು ಇನ್ನಾಸಪ್ಪನ ನಂಬರ್ ಅಲ್ವಾ?"

"ಅವರದ್ದೇ. ಸ್ವಾಮಿ ವ್ರತದಲ್ಲಿದಾರೆ, ಫೋನಿಗೆ ಬರಲ್ಲ."

"ಯಾವ ಸ್ವಾಮಿ?"

"ಇನ್ನಾಸಪ್ಪ ಸ್ವಾಮಿ."

"ನೀವ್ಯಾರು?"

"ಗುರುಸ್ವಾಮಿ. ಏನಿದ್ರೂ ಹಬ್ಬ ಆದ್ಮೇಲೆ ಮಾಡಿ. ಚಪ್ಪಲಿನೂ ಬಿಡಿಸಿದೀನಿ, ಬಲೇ ಕಟ್ಟುನಿಟ್ಟು."

ಆ ಸಂಜೆಯ ಜಪಮಾಲೆ ಪ್ರಾರ್ಥನೆ ಮುಗಿಯುವುದರೊಳಗೆ ಇನ್ನಾಸಪ್ಪ ಮತ ಬಿಟ್ಟು ಶಬರಿಮಲೆಗೆ ಹೊರಟ ಸುದ್ದಿ ಇಡೀ ಚರ್ಚಿಗೆ ಹಬ್ಬಿತು. ಸಾಕ್ಷಿಗೇನು ಬರವೇ? ಬರಿಗಾಲನ್ನು ಎಲ್ಲರೂ ನೋಡಿದ್ದರು. ಯಾರೋ ಕಣ್ಣು ಮುಚ್ಚಿಸಿ ಅವನನ್ನು ಕೆಂಗೇರಿ ಬಸ್ಸು ಹತ್ತಿಸಿದ್ದನ್ನು ಒಬ್ಬರು ಕಣ್ಣಾರೆ ಕಂಡಿದ್ದರು. ಕೊನೆಗೆ ಹಾಡುವ ತಂಡದ ಹೆಂಗಸೊಬ್ಬಳು ಇದ್ದಕ್ಕಿದ್ದ ಹಾಗೆ ನೆನಪಿಸಿಕೊಂಡು, "ಹೌದಲ್ರೀ, ಒಂದ್ ವರ್ಷದಿಂದ ಮಾಂಸನೇ ಮುಟ್ತಾ ಇರ್ಲಿಲ್ಲ!" ಎಂದಳು. ಅಲ್ಲಿಗೆ ಕೇಸು ಮುಗಿಯಿತು.

ಬುಧವಾರ ಬೆಳಿಗ್ಗೆ ಫಾದರ್ ಜೋಜಪ್ಪನ ಸ್ಕೂಟರಿನ ಹಿಂದೆ ಕೂತು ಮಾರೇನಹಳ್ಳಿಗೆ ಬಂದರು. ಮನೆ ಹುಡುಕಲು ಮೊಬೈಲ್ ಕೈಯಲ್ಲಿ ಹಿಡಿದಿದ್ದರು. ದರ್ಶಿನಿಯಿಂದ ಭೈರೇಶ ಓಡಿ ಬಂದ.

"ಸಾರ್, ಸಾರ್, ಮೊಬೈಲ್ ಒಳಗಿಡಿ. ಸ್ವಾಮಿ ಸೊಪ್ಪು ತಗೊಂಡು ಬರೋ ಟೈಮು."

"ನೋಡಿದ್ರಾ ಫಾದರ್?" ಎಂದ ಜೋಜಪ್ಪ.

ಅಷ್ಟರಲ್ಲಿ ಕೈಯಲ್ಲಿ ದಂಟಿನ ಸೊಪ್ಪು ಹಿಡಿದು, ಬರಿಗಾಲಲ್ಲಿ, ನೆರಳಿಂದ ನೆರಳಿಗೆ ಹಾರುತ್ತಾ ಇನ್ನಾಸಪ್ಪ ಬಂದ.

"ಏನಿದೆಲ್ಲ ಇನ್ನಾಸಪ್ಪ?" ಫಾದರ್ ಕೇಳಿದರು.

"ಉಪವಾಸ ಫಾದರ್."

"ಯಾರ್ದು?"

"ನಿಮ್ದೇ."

ಗಿರಣಿಯಿಂದ ವೆಂಕಟರಮಣಪ್ಪನವರೂ ಬಂದರು. ಫಾದರ್‌ರನ್ನು ಮೇಲಿಂದ ಕೆಳಗೆ ನೋಡಿ, "ನೀವೇನಾ ವಿಭೂತಿ ಇಟ್ಟೋರು? ವ್ರತ ಕೊಟ್ಬಿಟ್ಟು ಈ ಕಡೆ ತಲೆನೇ ಹಾಕ್ಲಿಲ್ವಲ್ಲ ಸಾರ್! ಭಾನುವಾರ ಭಾನುವಾರ ಜಾರ್ಕೊಳಕ್ಕೆ ನೋಡೋರು. ನಾನ್ ಹಿಡ್ಕೊಂಡೆ," ಎಂದರು. ಬಿಡಿಸಿ ಕೇಳಲು ಫಾದರಿಗೆ ಕಾಲು ಗಂಟೆ ಹಿಡಿಯಿತು. ಅದರಲ್ಲಿ ಐದು ನಿಮಿಷ ಅವರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು.

"ಅದೇನಾದ್ರೂ ಆಗ್ಲಿ ಫಾದರ್," ಎಂದ ಜೋಜಪ್ಪ. "ಪಟ್ಟೀಲಿ ಹೆಸರಿತ್ತು, ಟೈಮಿಗೆ ಆಮೆನ್ ಬರ್ಲಿಲ್ಲ. ರೂಲ್ಸ್ ಪ್ರಕಾರ ಜಾಗ ಹೋಯ್ತು."

ಹೆಸರಿತ್ತು ಅನ್ನುವುದೂ ಹೋಯಿತು ಅನ್ನುವುದೂ ಇನ್ನಾಸಪ್ಪನ ಕಿವಿಗೆ ಒಟ್ಟಿಗೇ ಬಿದ್ದವು. ಸೊಪ್ಪಿನ ಕಟ್ಟು ಕೆಳಗೆ ಬಿತ್ತು. ಅವನು ಗೇಟಿನ ಮೆಟ್ಟಿಲ ಮೇಲೆ ಕೂತ.

ಪಿಲೋಮಿನ ಒಳಗಿಂದ ಬಂದಳು. "ಏನ್ ಜೋಜಪ್ಪಣ್ಣ, ಚರ್ಚಿಂದ ಇಲ್ಲಿಗೆ ನಡ್ಕೊಂಡ್ ಬಂದು ಒಂದು ಮಾತು ಹೇಳಕ್ಕೆ ನಿಮ್ ಕಾಲಿಗೇನಾಗಿತ್ತು? ಮೂರ್ ಸಲ ತೊಳ್ಸಿದ್ದು ಸವೆದೋಯ್ತಾ?"

ವೆಂಕಟರಮಣಪ್ಪನವರ ಮುಖದಲ್ಲಿ ಹಿಟ್ಟಿನ ಕೆಳಗೂ ಬಣ್ಣ ಹೋಗಿದ್ದು ಕಂಡಿತು. ಗಿರಣಿ ಪಕ್ಕದ ಮನೆಗೆ ಓಡಿ ಹಳದಿ ಗಂಟು ತಂದರು. "ತಪ್ಪು ನಂದು ಸ್ವಾಮಿ. ನಾನೇ ಬಿಡಿಸ್ತಾ ಇದೀನಿ, ದೋಷ ಇಲ್ಲ. ತಗೊಳ್ಳಿ, ಈಗ್ಲೇ ಒತ್ತಿ ಆಮೆನ್ನು." ಗಂಟು ಬಿಚ್ಚಿದರು. ಅರಿಶಿನ ಮೆತ್ತಿದ ಮೊಬೈಲ್ ಝಗ್ ಅಂತ ಬೆಳಗಿತು.

ಇನ್ನಾಸಪ್ಪ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ.

"ಬೇಡ ಸ್ವಾಮಿ. ಇನ್ನೂ ಮೂರ್ ದಿನ ಇದೆ."

ಅದು ಭಕ್ತಿಯೋ, ಹಠವೋ, ಎದುರಿಗೇ ಲಕ್ಷ್ಮಿದೇವಮ್ಮನವರು ನಿಂತಿದ್ದ ಭಯವೋ, ಹೇಳುವುದು ಕಷ್ಟ. ಫಾದರ್ ಮಾತ್ರ ಕರವಸ್ತ್ರ ಮಡಚಿ ಜೇಬಿಗಿಟ್ಟರು.

"ಆ ಜಾಗ ಯಾರಿಗೆ ಕೊಟ್ರಿ ಜೋಜಪ್ಪ?"

ಜೋಜಪ್ಪ ಸ್ಕೂಟರಿನ ಕನ್ನಡಿ ಒರೆಸತೊಡಗಿದ. ಐದು ಜನರನ್ನು ಕೇಳಿದ್ದ, ಐವರೂ ಒಲ್ಲೆ ಅಂದಿದ್ದರು. ಯಾಕೆಂದರೆ ಕೊನೆಗೆ ಸೇರಿದವನಿಗೆ ಕೊನೆಯ ಕುರ್ಚಿ, ಹನ್ನೆರಡನೆಯದು. ಚರ್ಚಿನ ಬಾಯಲ್ಲಿ ಅದು ಯೂದನ ಕುರ್ಚಿ. ಯೇಸುವನ್ನು ಬೆಳ್ಳಿ ಕಾಸಿಗೆ ಹಿಡಿದುಕೊಟ್ಟ ಆ ಶಿಷ್ಯನ ಹೆಸರನ್ನು ಅದರಲ್ಲಿ ಕೂತವನಿಗೆ ವರ್ಷವಿಡೀ ಅಂಟಿಸಿ ಆಡಿಕೊಳ್ಳುತ್ತಾರೆ.

"ಇನ್ನಾಸಪ್ಪ, ಅದೊಂದೇ ಉಳಿದಿರೋದು," ಎಂದರು ಫಾದರ್. "ಕೂತ್ಕೋತೀರಾ?"

ಇನ್ನಾಸಪ್ಪ ಒಂದು ಕಣ್ಣು ತೆರೆದು, ಮೊಬೈಲ್ ಗಂಟಿನೊಳಕ್ಕೆ ಹೋಗಿದೆಯೇ ಅಂತ ನೋಡಿ, ಇನ್ನೊಂದನ್ನೂ ತೆರೆದ.

"ಕುರ್ಚಿ ಯಾರ್ದಾದ್ರೂ ಆಗ್ಲಿ ಫಾದರ್. ಕಾಲು ನಂದೇ ತಾನೆ?"

ಗುರುವಾರ ಸಂಜೆ ಚರ್ಚಿಗೆ ಬೀದಿಗೆ ಬೀದಿಯೇ ಬಂತು. ಭೈರೇಶ ದರ್ಶಿನಿಯ ಬಾಗಿಲೆಳೆದು ಬಂದ. ಲಕ್ಷ್ಮಿದೇವಮ್ಮನವರು ರೇಷ್ಮೆ ಸೀರೆ ಉಟ್ಟು, ಯಾರನ್ನೂ ಕೇಳದೆ ಮೊದಲನೇ ಬೆಂಚಿನಲ್ಲಿ ಪಿಲೋಮಿನಳ ಪಕ್ಕ ಕೂತರು. ವೆಂಕಟರಮಣಪ್ಪನವರು ಮೊದಲ ಸಲ ಹಿಟ್ಟಿಲ್ಲದೆ ಕಾಣಿಸಿಕೊಂಡರು.

ಹನ್ನೆರಡು ಜನ ಕೂತರು. ಫಾದರ್ ಸೊಂಟಕ್ಕೆ ಟವೆಲ್ ಕಟ್ಟಿ ಮಂಡಿಯೂರಿದರು. ಫಾದರ್ ಮುಟ್ಟುವ ಕಾಲು ಅಂತ ಹನ್ನೊಂದು ಜನವೂ ಮನೆಯಲ್ಲಿ ಬಿಸಿನೀರಿಗೆ ಅದ್ದಿ, ಕಲ್ಲಲ್ಲಿ ಉಜ್ಜಿ, ಉಗುರು ತೆಗೆಸಿಕೊಂಡು ಬಂದಿದ್ದರು. ಜೋಜಪ್ಪ ಪೌಡರನ್ನೂ ಹಾಕಿದ್ದ. ಒಬ್ಬೊಬ್ಬರದೂ ಒಂದೊಂದೇ ಕಾಲು, ಬಲಗಾಲು. ಎರಡು ಹನಿ ನೀರು, ಒಂದು ಒರೆಸು, ಮುಂದಕ್ಕೆ. ಬೋಗುಣಿಯಲ್ಲಿದ್ದ ನೀರನ್ನು ಬೇಕಾದರೆ ಕುಡಿಯಬಹುದಾಗಿತ್ತು.

ಹನ್ನೆರಡನೆಯ ಕುರ್ಚಿಗೆ ಬಂದರು. ಇನ್ನಾಸಪ್ಪನೂ ಬೆಳಿಗ್ಗೆಯಿಂದ ಮೂರು ಸಲ ಸೋಪು ಹಾಕಿದ್ದ. ಆದರೆ ಐದು ವಾರಕ್ಕೂ ಮೇಲ್ಪಟ್ಟ ಟಾರು ಒಂದು ದಿನದ ಸೋಪಿಗೆ ಜಗ್ಗುತ್ತದೆಯೇ? ಒಡೆದ ಹಿಮ್ಮಡಿಯ ಗೆರೆಗೆರೆಯಲ್ಲೂ ಮಾರ್ಕೆಟ್ ರಸ್ತೆ ಕೂತಿತ್ತು. ಫಾದರ್ ನೀರು ಹೊಯ್ದರು. ಬೋಗುಣಿ ಭೈರೇಶನ ಕಾಫಿಯ ಬಣ್ಣಕ್ಕೆ ತಿರುಗಿತು. ಮತ್ತೆ ಹೊಯ್ದರು. ಜಗ್ಗು ಖಾಲಿಯಾಯಿತು. ಹಾಡುವ ತಂಡದ ಹಾಡು ಮುಗಿದುಹೋಗಿ, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೆ ಮೊದಲಿಂದ ಎತ್ತಿಕೊಂಡರು. ಇನ್ನಾಸಪ್ಪ ನಾಚಿಕೆಯಿಂದ ಕಾಲೆಳೆದುಕೊಳ್ಳಲು ನೋಡಿದ. ಫಾದರ್ ಹಿಮ್ಮಡಿ ಬಿಡಲಿಲ್ಲ. ತೋಳು ಮೇಲೇರಿಸಿ, ಹೆಬ್ಬೆರಳಿನಿಂದ ತಿಕ್ಕುತ್ತಲೇ, "ಜೋಜಪ್ಪ, ಇನ್ನೊಂದು ಜಗ್ಗು ನೀರು," ಎಂದರು. ಜೋಜಪ್ಪ ಪೌಡರ್ ಹಾಕಿದ ಬರಿಗಾಲಲ್ಲಿ ಹಿತ್ತಲ ನಲ್ಲಿಗೆ ಓಡಿದ. ವಾಪಸ್ ಬರುವಾಗ ಅವನ ಕಾಲು ಮೊಣಕಾಲವರೆಗೆ ಕೆಸರಾಗಿತ್ತು, ಅದನ್ನು ಯಾರೂ ನೋಡಲಿಲ್ಲ.

ಫಾದರ್ ಜಗ್ಗು ತೆಗೆದುಕೊಂಡು, ತಲೆಯೆತ್ತದೆಯೇ, "ಆ ಕಾಲೂ ಕೊಡಿ," ಎಂದರು.

ಮೊದಲನೇ ಬೆಂಚಿನಿಂದ ಲಕ್ಷ್ಮಿದೇವಮ್ಮನವರ ಪಿಸುಮಾತು ಚರ್ಚಿನ ಹಿಂಬಾಗಿಲವರೆಗೂ ಕೇಳಿಸಿತು.

"ನೋಡ್ದೇನೇ ಪಿಲೋಮಿನ! ಮಿಕ್ಕೋರಿಗೆಲ್ಲ ಸುಮ್ನೆ ಚಿಮುಕ್ಸಿದ್ರು. ನಮ್ ಸ್ವಾಮಿಗೆ ಎರಡು ಕಾಲು, ಎರಡು ಜಗ್ಗು!"